ಥೋಲ್, ತಾಳು ಮತ್ತು ಗಿರಿಜೆಯ ತೋಳು

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ನಿಘಂಟಿನ ಚಟ. ಇದನ್ನು ಚಟವೆಂದು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು. ವೃತ್ತಿಯಲ್ಲಿ ಇಂಗ್ಲಿಷ್ ಮೇಷ್ಟ್ರಾದ್ದರಿಂದ ಅದಕ್ಕೆ ವ್ಯಾಸಂಗ ಎಂಬ ದೊಡ್ಡ ಹೆಸರಿಟ್ಟುಕೊಂಡು ಕಾಲ ತಳ್ಳಿದೆ. ಇಸ್ಪೀಟಾಡುವ ಗಂಡನನ್ನು ಹೆಂಡತಿ ಬೈಯಬಹುದು. ನಿಘಂಟು ಓದುವವನನ್ನು ಏನೆಂದು ಬೈಯುತ್ತಾಳೆ, ಪಾಪ? ಈ ಚಟದ ಅಪಾಯವೇ ಅದು. ಒಂದು ಪದದ ಅರ್ಥ ನೋಡಿಬರೋಣವೆಂದು ಒಳಗೆ ಹೋದವನು ಪಕ್ಕದ ಮನೆಯ ಪದ, ಎದುರು ಮನೆಯ ಪದ ಎಲ್ಲವನ್ನೂ ಮಾತಾಡಿಸಿಕೊಂಡು ಹೊರಬರುವಷ್ಟರಲ್ಲಿ ನೋಡಿಕೊಳ್ಳಿ ಎಂದು ಬಿಟ್ಟುಹೋದ ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಹಿಡಿದು, ಗಿರಿಜೆ ಅದನ್ನು ಉಜ್ಜುತ್ತಾ ಕೂತಿರುತ್ತಾಳೆ. ಗಿರಿಜೆ ನನ್ನ ಹೆಂಡತಿ. ಎಮ್ಮಿಗನೂರಿನ ರೈತರ ಮನೆಯ ಮಗಳು. ಅವರ ಮನೆಯಲ್ಲಿ ನೋವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ಅವರಪ್ಪನ ಕಾಲಿಗೆ ಚೇಳು ಕಚ್ಚಿದಾಗ "ಏನೋ ಚುಚ್ಚಿದಂಗಾತು" ಎಂದು ಭತ್ತದ ಗದ್ದೆಗೆ ನೀರು ಕಟ್ಟುವ ಕೆಲಸ ಮುಗಿಸಿಯೇ ಮನೆಗೆ ಬಂದರಂತೆ. ಹೊಸಪೇಟೆಯ ನಮ್ಮ ಮನೆತನ ಹಾಗಲ್ಲ. ನಮಗೆ ನೆಗಡಿಯಾದರೂ ಬೀಗರಿಗೆ ಫೋನು ಹೋಗುತ್ತದೆ.

ನಾನು ಪಾಠ ಮಾಡುವುದು ಕಂಪ್ಲಿಯ ಒಂದು ಪ್ರೌಢಶಾಲೆಯಲ್ಲಿ. ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕಂಪ್ಲಿಯ ಮಕ್ಕಳಿಗೆ ಹಂಪಿ ತೋರಿಸುವುದೆಂದರೆ ಅವರ ಸೋದರಮಾವನ ಮನೆ ತೋರಿಸಿದ ಹಾಗೆ. ಎಲ್ಲರೂ ಹತ್ತು ಸಲ ನೋಡಿದವರೇ. ಆದರೂ ಶಾಲೆಯಿಂದ ಬಸ್ಸಿನಲ್ಲಿ ಹೋದರೆ ಅದು ಪ್ರವಾಸ. ಮಧ್ಯಾಹ್ನ ಎಲ್ಲರೂ ತೆಪ್ಪ ಹತ್ತಬೇಕೆಂದು ಹಟ ಹಿಡಿದರು. ಮಕ್ಕಳನ್ನೂ ಉಳಿದ ಮೇಷ್ಟ್ರುಗಳನ್ನೂ ತುಂಬಿಕೊಂಡು ಮೊದಲಿನ ತೆಪ್ಪಗಳು ಹೊರಟುಹೋದವು. ಕೊನೆಯದರಲ್ಲಿ ಉಳಿದವರು ನಾನು, ಅಂಬಿಗ, ಮತ್ತು ಎಪ್ಪತ್ತು ದಾಟಿದಂತೆ ಕಾಣುತ್ತಿದ್ದ ಒಬ್ಬ ಬಿಳಿಯ ಅಜ್ಜಿ. ತೆಪ್ಪವೆಂದರೆ ಗೊತ್ತಲ್ಲ, ದೊಡ್ಡ ಬುಟ್ಟಿ. ಕಾಲು ಚಾಚಿದರೆ ಎದುರಿನವರ ಮಡಿಲಿಗೇ ಹೋಗುತ್ತದೆ. ಅಜ್ಜಿ ಮೊಣಕಾಲು ಮಡಚಿಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದಳು. ನನ್ನೊಳಗಿನ ಇಂಗ್ಲಿಷ್ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ವ್ಯಾಕರಣಶುದ್ಧವಾಗಿ, ತಮ್ಮ ಮೊಣಕಾಲಿಗೆ ತೀವ್ರ ವೇದನೆಯಾಗುತ್ತಿದೆಯೇ ಎಂದು ವಿಚಾರಿಸಿದೆ. ಅಜ್ಜಿ ನಕ್ಕು ಏನೋ ಹೇಳಿದಳು. ಅದರಲ್ಲಿ ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು ಒಂದೇ ಪದ, "ತಾಳ್".

ನನಗೆ ಮೈ ಜುಮ್ಮೆಂದಿತು. ಎಲ್ಲಿಂದಲೋ ಬಂದ ಮುದುಕಿ ನಮ್ಮ ಭಾಷೆ ಕಲಿತಿದ್ದಾಳೆ! ಕೂಡಲೇ ಕನ್ನಡಕ್ಕೆ ಇಳಿದು, "ಹೌದ್ರೀ ಅಮ್ಮಾ, ತಾಳಬೇಕ್ರಿ. ಏನ್ಮಾಡಾಕಾಗ್ತೈತಿ, ತಾಳಬೇಕು" ಎಂದೆ. ಅಜ್ಜಿಯೂ ಕಣ್ಣರಳಿಸಿ ಅದೇ ಪದವನ್ನು ಇನ್ನೂ ಗಟ್ಟಿಯಾಗಿ ಹೇಳಿದಳು. ಅಂಬಿಗ ಹುಟ್ಟು ಹಾಕುವುದನ್ನೇ ನಿಲ್ಲಿಸಿಬಿಟ್ಟ.

"ಸರ, ಈಕಿ ಕನ್ನಡ ಮಾತಾಡ್ತಾಳ್ರಿ! ನನ್ ಕೂಡ ಮುಂಜಾನಿಂದ ಬರೇ ಇಂಗ್ಲಿಷ್ ಮಾತಾಡಿ ದಣಿಸಿಬಿಟ್ಲು ನೋಡ್ರಿ."

ಆಮೇಲೆ ನಿಧಾನವಾಗಿ ವಿಚಾರಿಸಿದಾಗ ವಿಷಯ ತಿಳಿಯಿತು. ಅವಳು ಸ್ಕಾಟ್ಲೆಂಡಿನವಳು. ಅವಳು ಹೇಳಿದ್ದು ಕನ್ನಡವಲ್ಲ, ಇಂಗ್ಲಿಷ್. ಪದ 'ಥೋಲ್'. ಸಹಿಸಿಕೊಳ್ಳುವುದು ಎಂದು ಅರ್ಥ. ಅವಳ ಅಜ್ಜಿ ಹಲ್ಲುನೋವಿಗೂ ಚಳಿಗೂ ಗಂಡನಿಗೂ ಇದೊಂದೇ ಔಷಧ ಹೇಳುತ್ತಿದ್ದಳಂತೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಈ ಪದ ಗೊತ್ತಿರಲಿಲ್ಲ. ದಡ ಮುಟ್ಟಿದ ಮೇಲೆ ಅಜ್ಜಿಯನ್ನು ಕೈಹಿಡಿದು ಇಳಿಸಿದವನು ಅಂಬಿಗ. ನಾನು ಆಗಲೇ ಮನೆಯ ಕಪಾಟಿನಲ್ಲಿದ್ದ ದೊಡ್ಡ ನಿಘಂಟಿನ ಯೋಚನೆಯಲ್ಲಿದ್ದೆ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡದೆ ನಿಘಂಟು ತೆಗೆದೆ. ಇತ್ತು! ಸಾವಿರ ವರ್ಷಕ್ಕೂ ಹಳೆಯ ಪದ. ಮೊದಲು ಥೋಲಿಯನ್ ಎಂದಿದ್ದದ್ದು ಬಾಲ ಉದುರಿಸಿಕೊಂಡು ಥೋಲ್ ಆಗಿದೆ. ನಾವು ದಿನಾ ಬಳಸುವ ಟಾಲರೇಟ್ ಎಂಬ ಪದ ಲ್ಯಾಟಿನ್ ಕಡೆಯಿಂದ ಬಂದ ಅದರ ದಾಯಾದಿ. ಎರಡಕ್ಕೂ ಮೂಲದಲ್ಲಿ ಎತ್ತು, ಹೊರು ಎಂಬ ಅರ್ಥ. ಸಹಿಸುವುದೆಂದರೆ ಹೊರುವುದು ಎಂದು ಆ ಜನಕ್ಕೂ ಹೊಳೆದಿತ್ತು. ದೊಡ್ಡ ಪಟ್ಟಣಗಳ ಇಂಗ್ಲಿಷ್ ಈ ಪದವನ್ನು ಎಂದೋ ಮೂಲೆಗೆ ಎಸೆದಿದ್ದರೂ ಸ್ಕಾಟ್ಲೆಂಡಿನ ಮುದುಕಿಯರು ಸೆರಗಿನಲ್ಲಿ ಕಟ್ಟಿಕೊಂಡು ಉಳಿಸಿದ್ದಾರೆ. ಅದೇ ಕಾಗುಣಿತದ ಇನ್ನೊಂದು ಪದವೂ ಇತ್ತು. ದೋಣಿಯ ಅಂಚಿನಲ್ಲಿ ಹುಟ್ಟು ಜಾರದಂತೆ ಆನಿಸಿಕೊಳ್ಳುವ ಗೂಟಕ್ಕೂ ಥೋಲ್ ಎನ್ನುತ್ತಾರೆ. ಆದರೆ ಆ ಗೂಟಕ್ಕೂ ಈ ಸಹನೆಗೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ ಎಂದು ನಿಘಂಟು ಎಚ್ಚರಿಸಿತ್ತು. ಆ ಎಚ್ಚರಿಕೆ ನನಗೂ ಸೇರಿದ್ದೆಂದು ಆಗ ಹೊಳೆಯಲಿಲ್ಲ. ನನ್ನ ಕಣ್ಣು ಕೆಳಗಿನ ಸಾಲಿನ ಮೇಲೆ ನಿಂತಿತ್ತು. ಥೋಲ್ ಎಂದರೆ ಸಹಿಸು ಎಂದಷ್ಟೇ ಅಲ್ಲ, ಹಿಂದೆ 'ಸಮಾಧಾನದಿಂದ ಕಾಯಿ' ಎಂಬ ಅರ್ಥವೂ ಇತ್ತಂತೆ. ನಮ್ಮ ತಾಳು? ನೋವು ತಾಳು ಎಂದರೆ ಸಹಿಸು. ತಾಳಪ್ಪಾ ಬಂದೆ ಎಂದರೆ ಕಾಯಿ. ಎರಡೂ ಅರ್ಥ ಅಚ್ಚುಕಟ್ಟಾಗಿ ಕೂತುಬಿಟ್ಟವು! ಗಡಿಯಾಚೆಯ ತೆಲುಗಿನವರೂ ತಾಳು ಎನ್ನುತ್ತಾರೆ. ಇನ್ನೇನು ಸಾಕ್ಷಿ ಬೇಕು? ಇಂಗ್ಲಿಷರ ಸಹನೆ ನಮ್ಮಿಂದ ಹೋದದ್ದು.

ಮರುದಿನ ಕಂಪ್ಲಿ ಬಸ್ಸಿನಲ್ಲಿ ಈ ಸಂಶೋಧನೆಯನ್ನು ವೀರೇಶಪ್ಪನವರ ಮುಂದೆ ಇಟ್ಟೆ. ಅವರು ನಮ್ಮ ಶಾಲೆಯ ಕನ್ನಡ ಮೇಷ್ಟ್ರು, ಸಂಡೂರಿನವರು, ಹೊಸಪೇಟೆಯಲ್ಲಿ ಮನೆ ಮಾಡಿಕೊಂಡು ನನ್ನ ಜೊತೆಯೇ ಬಸ್ಸಿಗೆ ಬರುತ್ತಾರೆ. ಕನ್ನಡಕ್ಕೆ ಇಷ್ಟು ದೊಡ್ಡ ಕಾಣಿಕೆ ಕೊಡುತ್ತಿದ್ದೇನೆ, ಎದ್ದು ತಬ್ಬಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಬಸ್ಸು ಕಬ್ಬಿನ ಟ್ರಾಕ್ಟರೊಂದರ ಹಿಂದೆ ತೆವಳುತ್ತಿತ್ತು. ಅವರು ಕಿಟಕಿಯಾಚೆ ಕಬ್ಬಿನ ಹೊರೆಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು.

"ಸರ, ನಮ್ಮ ಸಂಡೂರಾಗ ಅದಿರಿನ ಧೂಳು ಕೆಂಪಗೈತಿ. ನಮ್ಮವ್ವನ ಹಣಿಮ್ಯಾಲಿನ ಕುಂಕುಮಾನೂ ಕೆಂಪಗೈತಿ. ಹಂಗಂತ ಲಾರಿಯಾಗಿನ ಅದಿರು ಒಯ್ದು ದೇವರಿಗೆ ಏರ್ಸಾಕಾಗ್ತೈತೇನ್ರಿ?"

"ಆದ್ರ ಅರ್ಥಾನೂ ಕೂಡ್ತೈತಲ್ರಿ ವೀರೇಶಪ್ಪಾರ, ಸಹಿಸೋದೂ ಐತಿ, ಕಾಯೋದೂ ಐತಿ."

"ನೋವು ಬಂದ ಮನುಷ್ಯಾ ಎಲ್ಲಿದ್ರೂ ಅವೆರಡನ್ನ ಮಾಡಬೇಕಲ್ರಿ. ಅದಕ್ಕ ಕನ್ನಡನ ಯಾಕ ಬೇಕು?" ಎಂದು ಅವರು ಕಣ್ಣು ಮುಚ್ಚಿಕೊಂಡರು.

ಇದು ಅಸೂಯೆಯ ಮಾತೆಂದು ನಾನು ತಕ್ಷಣ ತೀರ್ಮಾನಿಸಿದೆ. ಮಹತ್ವದ ಸಂಶೋಧನೆಗಳಿಗೆಲ್ಲ ಮೊದಲು ಇಂಥದೇ ಗತಿಯಾಗುತ್ತದೆ. ಜನವರಿಯ ಎರಡನೇ ಶನಿವಾರ ಕಂಪ್ಲಿಯ ನಮ್ಮ ಶಾಲೆಯಲ್ಲೇ ಭಾಷಾ ಶಿಕ್ಷಕರ ಸಭೆಯಿತ್ತು. ಅಲ್ಲಿ ಹದಿನೈದು ನಿಮಿಷ ಮಾತಾಡಲು ಹೆಸರು ಕೊಟ್ಟೆ. ವಿಷಯ: 'ಆಂಗ್ಲ ಸಹನೆಯ ಕನ್ನಡ ಮೂಲ'. ಅಂದಿನಿಂದ ನಮ್ಮ ಹಜಾರ ಸಭಾಂಗಣವಾಯಿತು. ಪ್ರತಿ ಸಂಜೆ ಕಿಟಕಿಯ ಸರಳುಗಳನ್ನೇ ಸಭಿಕರೆಂದುಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದೆ.

ಸಭೆಗೆ ಮೂರು ದಿನ ಉಳಿದಿತ್ತು. ಒಳಗೆ ಗಿರಿಜೆ ರೊಟ್ಟಿ ಬಡಿಯುತ್ತಿದ್ದಳು. ನಾನು ಭಾಷಣದ ಕೊನೆಯ ಘಟ್ಟ ತಲುಪಿ, ಕೈಯೆತ್ತಿ, "ಥೋಲ್! ಈ ಥೋಲ್ ಪಟ್ಟ ಪಾಡನ್ನು ನಾವು ಇಷ್ಟು ದಿನ ಗಮನಿಸಲೇ ಇಲ್ಲ. ಇದು ನಮ್ಮ ಅಪರಾಧ!" ಎಂದು ಗುಡುಗಿದೆ. ಮಹಾಪ್ರಾಣವೆಂಬುದು ಹಜಾರದಿಂದ ಅಡುಗೆಮನೆಯವರೆಗೆ ಹೋಗುವ ದಾರಿಯಲ್ಲಿ ಫ್ಯಾನಿನ ಗಾಳಿಗೆ ಹಾರಿಹೋಯಿತೋ ಏನೋ. ರೊಟ್ಟಿಯ ಸದ್ದು ನಿಂತಿತು. ಗಿರಿಜೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ನಾನು ನೋಡಿ ಮರೆತಿದ್ದ ಒಂದು ಬೆಳಕಿತ್ತು.

"ಯಾರು ಹೇಳಿದ್ರಿ ನಿಮಗ?"

"ಹಂಪ್ಯಾಗ ಒಬ್ಬಾಕಿ ಮುದುಕಿ ಹೇಳಿದ್ಲು."

"ಹಂಪಿ ಮುದುಕಿಗೆ ನನ್ನ ತೋಳಿನ ಸುದ್ದಿ ಹೆಂಗ ಗೊತ್ತಾತು?"

"ನಿಂದಲ್ಲ ಮಾರಾಯ್ತಿ, ಇಂಗ್ಲಿಷಿಂದು. ಭಾಳ ಹಳೇದು. ಸಾವಿರ ವರ್ಷದ್ದು."

ಅವಳ ಮುಖದ ಬೆಳಕು ಹೋಯಿತು. "ನಂದು ಮೂರು ತಿಂಗಳದ್ದು. ಬಲಗೈದು" ಎಂದಳು.

ನಮ್ಮ ಮನೆಯ ಮಾತಿನಲ್ಲಿ ತೋಳು ಎಂಬ ಪದವೇ ಇಲ್ಲ. ನಾವು ರಟ್ಟೆ ಎನ್ನುವವರು. ಗಂಡ ಮೇಷ್ಟ್ರಾದ್ದರಿಂದ ಹೆಂಡತಿಯ ರಟ್ಟೆಯನ್ನೂ ಗ್ರಾಂಥಿಕವಾಗಿ ತೋಳು ಎನ್ನುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು. ಎಂದೂ ಗಮನಿಸದವನು ಕೊನೆಗೂ ಗಮನಿಸಿ, ತಪ್ಪೊಪ್ಪಿಕೊಂಡು, ಯಾಕೋ ಕಿಟಕಿಯ ಮುಂದೆ ಭಾಷಣ ಮಾಡುತ್ತಿದ್ದಾನೆ ಎಂದು ಓಡಿಬಂದಿದ್ದಳು. ಎಲ್ಲಿ, ಎತ್ತು ನೋಡೋಣ ಅಂದೆ. ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ.

"ಇಷ್ಟ ಬರ್ತೈತಿ ನೋಡ್ರಿ. ಮುಂದ ಬರಾಂಗಿಲ್ಲ."

ಆಗ ನನಗೆ ಒಂದೊಂದಾಗಿ ಕಾಣತೊಡಗಿತು. ದಸರೆಯಿಂದೀಚೆ ನಮ್ಮ ಮನೆಯ ರೊಟ್ಟಿ ಚಿಕ್ಕದಾಗುತ್ತಾ ಬಂದಿತ್ತು. ಈ ಸಲದ ಜೋಳವೇ ಸರಿಯಿಲ್ಲ ಎಂದು ನಾನು ಅಂಗಡಿಯವನನ್ನು ಬೈದಿದ್ದೆ. ಮೇಲಿನ ಹಲಗೆಯ ಡಬ್ಬಿಗಳೆಲ್ಲ ನೆಲಕ್ಕೆ ಇಳಿದಿದ್ದವು. ಒಳ್ಳೆಯ ವ್ಯವಸ್ಥೆ, ಈಗ ವೈಜ್ಞಾನಿಕವಾಗಿದೆ ಎಂದು ಹೊಗಳಿದ್ದೆ. ಜಡೆ ಹೋಗಿ ಒಂದು ರಬ್ಬರ್ ಬ್ಯಾಂಡು ಬಂದಿತ್ತು. ವಯಸ್ಸಿಗೆ ಒಪ್ಪುತ್ತದೆ ಎಂದಿದ್ದೆ. ಓಣಿಯವರಿಗೆ ಬ್ಲೌಸು ಹೊಲಿದುಕೊಡುತ್ತಿದ್ದವಳು ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಳು. ಪುಸ್ತಕ ಇಡಲು ಜಾಗವಾಯಿತೆಂದು ಅದರ ಮೇಲೆ ನಿಘಂಟು ಇಟ್ಟವನು ನಾನೇ. ಸಾವಿರ ವರ್ಷದ ಹಿಂದೆ ಒಂದು ಪದದ ಬಾಲ ಉದುರಿದ್ದನ್ನು ಗುರುತಿಸಿದ ಈ ಕಣ್ಣಿಗೆ ಎದುರಿಗೇ ಓಡಾಡುವ ಹೆಂಡತಿಯ ಕೈ ಮೇಲೇಳದಿದ್ದದ್ದು ಕಂಡಿರಲಿಲ್ಲ.

ಹೀಗೆ ಸಿಕ್ಕಿಬಿದ್ದ ಗಂಡಸು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಸಿಟ್ಟು ಮಾಡಿಕೊಂಡೆ.

"ನನಗ ಹೇಳಬೇಕಿಲ್ಲೇನು?"

"ಹೇಳಿದ್ನಲ್ರಿ. ದಸರಾ ಹಬ್ಬದ ಮುಂದ. ರಟ್ಟಿ ಭಾಳ ನೋಯ್ತೈತ್ರಿ ಅಂದೆ. ನೀವು ಪುಸ್ತಕದಾಗ ಇದ್ರಿ. ತಾಳು ಅಂದ್ರಿ. ತಾಳ್ಕೊಂಡೆ."

ನಾನು ಹೇಳಿದ್ದು ಎರಡನೆಯ ಅರ್ಥದಲ್ಲಿ. ಈ ಪುಟ ಮುಗಿಸುತ್ತೇನೆ, ಸ್ವಲ್ಪ ಕಾಯಿ ಎಂದು. ಅವಳು ತೆಗೆದುಕೊಂಡದ್ದು ಮೊದಲನೆಯ ಅರ್ಥದಲ್ಲಿ. ಚೇಳು ಕಚ್ಚಿದರೂ ನೀರು ಕಟ್ಟಿಬರುವ ಮನೆಯ ಮಗಳಿಗೆ ಬೇರೆ ಅರ್ಥ ತೋಚುವುದಾದರೂ ಹೇಗೆ? ಆ ದಿನ ಯಾವ ಪುಟ ಓದುತ್ತಿದ್ದೆನೋ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಭಾಷಣ ನಿಂತ ಆ ರಾತ್ರಿ ನಾನು ಉಂಡದ್ದು ಆ ಚಿಕ್ಕ ರೊಟ್ಟಿ ಎರಡೇ.

ಮೂಳೆ ಡಾಕ್ಟರು ಸಿಕ್ಕಿದ್ದು ಅದೇ ಶನಿವಾರ ಬೆಳಿಗ್ಗೆ. ಸಭೆಯೂ ಅದೇ ಹೊತ್ತಿಗೆ. "ನೀವು ಭಾಷಣ ಮುಗಿಸಿಕೊಂಡು ಬರ್ರಿ, ನಾ ಒಬ್ಬಾಕಿನ ಹೋಗ್ತೀನಿ" ಎಂದಳು ಗಿರಿಜೆ. ಸುಳ್ಳು ಯಾಕೆ ಹೇಳಲಿ, ಅರ್ಧ ನಿಮಿಷ ಯೋಚಿಸಿದೆ. ಆಮೇಲೆ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಅವರು ಕಂಗಾಲಾಗುತ್ತಾರೆ, ಸಭೆಯನ್ನೇ ಮುಂದೂಡುತ್ತಾರೆ ಎಂದು ನಿರೀಕ್ಷಿಸಿದ್ದೆ. "ಮನಿಯವರನ್ನ ತೋರಿಸ್ರಿ ಸರ, ಅದು ಮುಖ್ಯ. ನಮಗೂ ಜಲ್ದಿ ಊಟಕ್ಕ ಬಿಟ್ಟಂಗಾತು" ಎಂದರು.

ಆಟೋದಲ್ಲಿ ಹೋಗುವಾಗ ರಸ್ತೆಯ ಒಂದೊಂದು ಗುಂಡಿಗೂ ಗಿರಿಜೆಯ ಕಣ್ಣು ಸಣ್ಣಗಾಗುತ್ತಿತ್ತು. ಬಾಯಿಂದ ಸದ್ದಿಲ್ಲ. ನಮ್ಮೂರಿನ ರಸ್ತೆಯಲ್ಲಿ ಅಷ್ಟು ಗುಂಡಿಗಳಿವೆಯೆಂದು ನನಗೆ ಗೊತ್ತಾದದ್ದು ಅವತ್ತೇ. ಡಾಕ್ಟರು ಅವಳ ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಭುಜದ ಕೀಲು ಹೆಪ್ಪುಗಟ್ಟಿದ ಹಾಗೆ ಬಿಗಿದುಕೊಂಡಿದೆ ಎಂದರು. "ಇನ್ನಷ್ಟು ದಿನ ಹಿಂಗ ಬಿಟ್ಟಿದ್ರ ಬಿಡಸೋದು ಭಾಳ ಕಷ್ಟ ಆಗ್ತಿತ್ತು. ಇಷ್ಟ ದಿನ ಹೆಂಗ ತಾಳಿದ್ರೆವ್ವಾ?" ಎಂದು ಅವಳನ್ನು ಕೇಳಿದರು. ಹೇಳಲು ನಾಚಿಕೆಯಾಗುತ್ತದೆ, ಆ ಪದ ಕೇಳಿದೊಡನೆ ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಎಷ್ಟು ಸೊಗಸಾದ ಪ್ರಯೋಗ! ಗಿರಿಜೆ ನನ್ನತ್ತ ನೋಡಿದಳು. ಪೆನ್ನಿಗೆ ಹೋದ ಕೈಯಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ.

ಮಾತ್ರೆಗಿಂತ ವ್ಯಾಯಾಮ ಮುಖ್ಯ ಎಂದರು ಡಾಕ್ಟರು. ಅದನ್ನು ಕಲಿಸಿದವಳು ಅದೇ ಆಸ್ಪತ್ರೆಯ ಸುಮಾ, ಪಾಪಿನಾಯಕನಹಳ್ಳಿಯಿಂದ ದಿನಾ ಸ್ಕೂಟಿಯಲ್ಲಿ ಬರುವ ಚುರುಕಿನ ಹುಡುಗಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಹತ್ತಿಸಬೇಕು. ಎಷ್ಟು ಎತ್ತರ ಹೋಯಿತೋ ಅಲ್ಲಿ ಗುರುತು ಹಾಕಬೇಕು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಹಜಾರದ ಗೋಡೆಗೆ ದಿನಕ್ಕೊಂದು ಗೆರೆ ಬಿತ್ತು. ಇನ್ನೊಂದು ಮಾತನ್ನು ಸುಮಾ ನನ್ನ ಕಡೆ ತಿರುಗಿ ಹೇಳಿದಳು: "ಮೇಡಮ್ಮಾರು ರೊಟ್ಟಿ ಬಡಿಯಂಗಿಲ್ರಿ ಸರ. ನೀವು ಕಲೀರಿ."

ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕೈಯಲ್ಲೇ ನಾದಬೇಕೆಂಬ ಸತ್ಯ ನನಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಕೈ ಹಾಕಿದವನು ಕೂಗಿದ ಕೂಗಿಗೆ ಎದುರು ಮನೆಯವರು ಬಂದು ಗ್ಯಾಸು ಸೋರಿತೇ ಎಂದು ವಿಚಾರಿಸಿದರು. ಗಿರಿಜೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನಿರ್ದೇಶನ ಕೊಡುತ್ತಿದ್ದಳು. ನನ್ನ ಮೊದಲ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಮೂರು ತುಂಡಾಯಿತು.

"ಸಾವಕಾಶ ಬಡೀರಿ! ಅದೇನು ನಿಮ್ಮ ಎಂಟನೇ ಕ್ಲಾಸಿನ ದಡ್ಡಾ ಅಂತ ತಿಳಿದೀರೇನು? ತಿರುಗಿಸಿಕೋತ ಬಡೀಬೇಕು. ಅಂಚು ಹರೀಬಾರ್ದು. ಹಾಂ, ಹಂಗ. ಅಯ್ಯ, ಹಂಗಲ್ರಿ!"

ತುಂಡುಗಳನ್ನೇ ಸುಟ್ಟು ತಿಂದೆವು. ಗಿರಿಜೆ ನಗು ತಡೆಯಲಾಗದೆ ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾಲ್ಕು ರೊಟ್ಟಿ ಮುಗಿಯುವಷ್ಟರಲ್ಲಿ ನನ್ನ ಗಟ್ಟಿಮುಟ್ಟಾದ ಎರಡು ತೋಳುಗಳೂ ಸೇದತೊಡಗಿದವು. ಮೂರು ತಿಂಗಳು, ದಿನಕ್ಕೆರಡು ಹೊತ್ತು, ಮೇಲೇಳದ ಕೈಯಲ್ಲಿ ಇವಳು ಇದನ್ನು ಮಾಡಿದ್ದಾಳೆ. ನಾನು ಉಣ್ಣುತ್ತಾ ರೊಟ್ಟಿ ಯಾಕೋ ದಪ್ಪವಾಯಿತಲ್ಲ ಎಂದೂ ಹೇಳಿದ್ದೇನೆ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಹದಿನೈದು ದಿನಕ್ಕೆ ರೊಟ್ಟಿ ತುಂಡಾಗುವುದು ನಿಂತಿತು. ತಿಂಗಳಿಗೆ ಗುಂಡಗಾಯಿತು. ಬೇಸಿಗೆ ರಜೆಯ ಹೊತ್ತಿಗೆ ಉಬ್ಬತೊಡಗಿತು. ಗೋಡೆಯ ಗೆರೆಗಳೂ ಮೇಲೇರಿದವು. ಗಲ್ಲ, ಮೂಗು, ಹಣೆಯ ಎತ್ತರ ದಾಟಿದ ಮೇಲೆ ಮಾತ್ರ ಯಾಕೋ ಅಲ್ಲೇ ನಿಂತುಬಿಟ್ಟವು. ಎರಡು ತಿಂಗಳು ಒಂದೇ ಜಾಗದಲ್ಲಿ ಗೆರೆಯ ಮೇಲೆ ಗೆರೆ ಎಳೆದು ಸೀಮೆಸುಣ್ಣ ದಪ್ಪಗೆ ಮೆತ್ತಿಕೊಂಡಿತ್ತು. ನಾನು ಧೈರ್ಯ ಹೇಳುತ್ತಿದ್ದೆ, ಅವಳು ನಿಟ್ಟುಸಿರು ಬಿಡುತ್ತಿದ್ದಳು.

ಕಾರಹುಣ್ಣಿಮೆ ಕಳೆದ ವಾರ ಮಾರುಕಟ್ಟೆಯಲ್ಲಿ ಸುಮಾ ಸಿಕ್ಕಳು. ನನ್ನ ಆತಂಕ ತೋಡಿಕೊಂಡೆ. ಗೆರೆ ಮೇಲೇರುತ್ತಿಲ್ಲವಮ್ಮಾ, ಇನ್ನೊಮ್ಮೆ ಡಾಕ್ಟರಿಗೆ ತೋರಿಸಬೇಕೆ ಎಂದೆ. ಅವಳು ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟಳು.

"ಯಾವ ಗೆರಿರಿ ಸರ? ಯುಗಾದಿ ಆದಮ್ಯಾಲೆ ಒಮ್ಮೆ ಬಂದಿದ್ರಲ್ರಿ ಮೇಡಮ್ಮಾರು. ಕೈ ಪೂರಾ ಮ್ಯಾಲೆ ಹೋಗಿತ್ತು. ಮಸ್ತ್ ಆಗೈತಿ, ಇನ್ನ ಎಲ್ಲಾ ಕೆಲಸ ಮಾಡಬಹುದು ಅಂತ ನಾನ ಹೇಳಿ ಕಳ್ಸೀನಿ."

ಮನೆಯ ಕಡೆ ನಡೆಯುತ್ತಾ ಮೊದಲು ಸಿಟ್ಟು ಬಂತು. ರಥಬೀದಿ ದಾಟುವಷ್ಟರಲ್ಲಿ ಸಿಟ್ಟು ಇಳಿದು ವಿಚಾರಶಕ್ತಿ ಮರಳಿತು. ಕೆಟ್ಟ ರೊಟ್ಟಿ ತಿನ್ನುವುದಕ್ಕಾಗಿ ಯಾರಾದರೂ ಕೈನೋವಿನ ನಾಟಕ ಆಡುತ್ತಾರೆಯೇ? ಅಂದರೆ ನನ್ನ ರೊಟ್ಟಿ ಅವಳದಕ್ಕಿಂತ ಚೆನ್ನಾಗಿರಬೇಕು! ಮನೆ ಮುಟ್ಟುವ ಹೊತ್ತಿಗೆ ನನ್ನ ಎದೆ ನನ್ನ ರೊಟ್ಟಿಯ ಹಾಗೆಯೇ ಉಬ್ಬಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ಹಿಟ್ಟು ನಾದಿ, ಮೊದಲ ರೊಟ್ಟಿ ಹಂಚಿಗೆ ಹಾಕಿ, ತಿರುಗಿ ನೋಡದೆಯೇ ಹೇಳಿದೆ:

"ಸುಮಾ ಸಿಕ್ಕಿದ್ಲು."

ಹಿಂದೆ ಸ್ಟೂಲು ಒಮ್ಮೆ ಕಿರುಗುಟ್ಟಿತು.

"ಇರ್ಲಿ ಬಿಡು, ಬೈಯಂಗಿಲ್ಲ" ಎಂದೆ ಉದಾರವಾಗಿ. "ಒಂದ ಮಾತು ಖರೇ ಹೇಳು. ನನ್ನ ರೊಟ್ಟಿ ಅಷ್ಟು ಚಲೋ ಆಗ್ತಾವೇನು?"

ಗಿರಿಜೆ ಯೋಚಿಸಿದಳು. ಎಮ್ಮಿಗನೂರಿನವರು ನೋವು ಮುಚ್ಚಿಡಬಹುದು, ಸುಳ್ಳು ಹೇಳುವವರಲ್ಲ.

"ರೊಟ್ಟಿ ಸುಮಾರದಾವ್ರಿ. ಆದ್ರ ಬಡಿಯೋಮುಂದ ಅಂಚು ಹರಿದೀತು ಅಂತ ನಿಮ್ಮ ಲಕ್ಷ್ಯ ಎಲ್ಲಾ ಅದರಮ್ಯಾಲ ಇರ್ತೈತಿ ನೋಡ್ರಿ, ಮುಂಜಾನಿ ಒಂದು ತಾಸು ಯಾವ ಪದದ ಸುದ್ದೀನೂ ಇರಂಗಿಲ್ಲ. ಮನಿ ಎಷ್ಟು ತಣ್ಣಗಿರ್ತೈತಿ ಅಂತೀರಿ!"

ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನಿಂತೆ. ತಣ್ಣಗೆ ಎಂಬ ಪದದ ಬಗ್ಗೆ ಬಹಳ ಸ್ವಾರಸ್ಯವಾದ ಒಂದು ವಿಚಾರ ಹೊಳೆಯಿತು. ಬಾಯಿ ತೆರೆದೆ. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತ್ತು. ಬಾಯಿ ಮುಚ್ಚಿ ತಿರುವಿ ಹಾಕಿದೆ.